ಎಣ್ಣೆ ಎತ್ತುವವರು

ಬಾವಿಯ ಮೇಲೆ ತೇಲುವ ಪೆಟ್ರೋಲನ್ನು ಬಟ್ಟೆಯಲ್ಲಿ ಎತ್ತುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಹೊಟ್ಟೆ ಹೇಳಿಕೊಟ್ಟಿತು.

ಬೆಳಕು ಹರಿಯುವ ಮುಂಚೆ ಇಬ್ಬರು ಹೆಂಗಸರು ಬಾವಿಯ ಆಚೆಗೊಬ್ಬರು ಈಚೆಗೊಬ್ಬರು ನಿಲ್ಲುತ್ತಾರೆ. ನಡುವೆ ಹಳೆಯ ಹತ್ತಿಯ ಹೊದಿಕೆ. ನಾಲ್ಕು ಮೂಲೆಗೂ ಹಗ್ಗ. ಹೊದಿಕೆ ಒಣಗಿರಬೇಕು, ಹಸಿಯಿದ್ದರೆ ಎಣ್ಣೆ ಹಿಡಿಯುವುದಿಲ್ಲ. ಅದನ್ನು ಅಗಲವಾಗಿ ಹಿಡಿದುಕೊಂಡೇ ಕೆಳಗೆ ಬಿಡಬೇಕು. ನೀರಿಗೆ ತಾಗಿತು ಅನ್ನುವಾಗ ಕೈ ನಿಲ್ಲಬೇಕು. ಒಂದು ಗೇಣು ಹೆಚ್ಚಿಗೆ ಇಳಿಯಿತೋ, ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಎಣ್ಣೆ ಹಾಗೇ ಉಳಿಯುತ್ತದೆ. ಕತ್ತಲಲ್ಲಿ ನೀರು ಕಾಣುವುದಿಲ್ಲ. ಕೈಗೆ ಸಿಗುವ ಭಾರದಲ್ಲೇ ತಿಳಿಯಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಮೇಲೆಳೆದು, ತಗಡಿನ ಡಬ್ಬದ ಮೇಲೆ ಹಿಂಡಬೇಕು. ತುಂಬಿದ ಡಬ್ಬವನ್ನು ಕತ್ತಲಲ್ಲೇ ಊರಾಚೆ ಚೆಲ್ಲಿಬರಬೇಕು.

ಹಿಂಡುವುದು ಬರಿಗೈಯಲ್ಲಿ. ಮೊದಲು ಕೈ ತಣ್ಣಗಾಗುತ್ತದೆ, ಹಾಯೆನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಉರಿ ಶುರು. ತಲೆ ಗಿರ್ರೆನ್ನುತ್ತದೆ. ಹೊಟ್ಟೆ ತೊಳಸುತ್ತದೆ. ಬೆರಳುಗಳ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ಆ ಕೈಯನ್ನೇ ಮತ್ತೆ ಸೋಡಾ ನೀರಿಗೆ ಅದ್ದಿ ದಿನವಿಡೀ ಊರವರ ಬಟ್ಟೆ ಒಗೆಯಬೇಕು. ಒಗೆಯುವವರ ಓಣಿಯ ಹೆಂಗಸರು ಊಟಕ್ಕೆ ಕೂತಾಗ ಅನ್ನ ಕಲಸುವುದಕ್ಕೆ ಹೆದರುತ್ತಿದ್ದರು. ಉಪ್ಪು ತಾಗಿದರೆ ಪ್ರಾಣ ಹೋಗುತ್ತಿತ್ತು.

ಬಾವಿಯ ಈ ಕಡೆ ನಿಲ್ಲುವವಳನ್ನು ಓಣಿಯಲ್ಲಿ ಗಂಜಿ ಎಂದು ಕರೆಯುತ್ತಿದ್ದರು. ತಿನ್ನುವ ಗಂಜಿಯಲ್ಲ, ಬಟ್ಟೆಗೆ ಹಾಕುವ ಗಂಜಿ. ಮದುವೆಯಾಗಿ ಬಂದ ಹೊಸದರಲ್ಲೇ ಯಾರೋ ದಬಾಯಿಸಿದಾಗ ಇವಳು ತಲೆ ತಗ್ಗಿಸದೆ ಸೆಟೆದು ನಿಂತಿದ್ದಳಂತೆ. ಗಂಜಿ ಹಾಕಿದ ಬಟ್ಟೆ ಬಂದ ಹಾಗಿದೆಯಲ್ಲ ಎಂದು ಮಾವ ನಕ್ಕಿದ್ದರು. ಮಾವ ಹೋದರು, ಹೆಸರು ಉಳಿಯಿತು. ಆ ಕಡೆ ನಿಲ್ಲುವವಳು ನೀಲಿ, ಪಕ್ಕದ ಮನೆಯವಳು. ಬಿಳಿ ಬಟ್ಟೆಗೆ ನೀಲಿ ಹಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳ ಉಗುರುಗಳು ಮೊದಲು ನೀಲಿಯಾಗಿದ್ದವು. ಈಗ ಉಗುರೇ ಇರಲಿಲ್ಲ.

ಓಣಿ ಇಳಿಜಾರಿನಲ್ಲಿತ್ತು. ಮೇಲೆ ದೊಡ್ಡ ರಸ್ತೆ, ರಸ್ತೆಗೆ ತಾಗಿ ಪೆಟ್ರೋಲ್ ಬಂಕ್. ಬಂಕಿನ ನೆಲದಡಿ ಕಬ್ಬಿಣದ ಟ್ಯಾಂಕುಗಳು. ಅವು ಯಾವಾಗ ತುಕ್ಕು ಹಿಡಿದವೋ, ಯಾವಾಗ ತೂತು ಬಿದ್ದವೋ, ಹುಗಿದವನಿಗೂ ಗೊತ್ತಿಲ್ಲ. ಸೋರಿದ್ದು ಮಣ್ಣಿಗೆ ಇಳಿಯಿತು, ಮಣ್ಣಿನಿಂದ ನೀರಿಗೆ ಬಂತು, ನೀರು ಇಳಿಜಾರು ಹಿಡಿದು ಓಣಿಯ ಬಾವಿಗೆ ಬಂತು. ಮೇಲಿನವರ ಕೊಳಕು ಕೆಳಗಿನವರ ಮನೆಗೆ ಬರುವುದು ಹೊಸದೇನಲ್ಲ. ಈ ಸಲ ಅದು ನೆಲದೊಳಗಿಂದ ಬಂತು, ಅಷ್ಟೇ.

ಮೊದಲು ವಾಸನೆ ಬಂದಾಗ ಅವರು ತಮ್ಮತಮ್ಮಲ್ಲೇ ಜಗಳವಾಡಿದರು. ಗ್ಯಾರೇಜಿನವರ ಬಟ್ಟೆ ತಂದು ಬಾವಿಕಟ್ಟೆಯಲ್ಲಿ ಒಗೆದವಳು ಯಾರು ಎಂದು ಒಬ್ಬರ ಮೇಲೊಬ್ಬರು ಹರಿಹಾಯ್ದರು. ಬಕೆಟ್ಟಿನ ಮೇಲೆ ಬಣ್ಣಬಣ್ಣದ ಪೊರೆ ಆಡತೊಡಗಿದ ಮೇಲೆ ಗಂಡಸರು ಬಂಕಿಗೆ ಹೋದರು. ಬಂಕಿನವನು ನಕ್ಕ. ಕದ್ದು ತಂದ ಪೆಟ್ರೋಲನ್ನು ಬಾವಿಗೆ ಚೆಲ್ಲಿಕೊಂಡು ನನ್ನ ಹತ್ತಿರ ಬಂದಿದ್ದೀರಾ ಎಂದ. ಪೊಲೀಸರನ್ನು ಕರೆಯುತ್ತೇನೆ ಎಂದೂ ಹೇಳಿದ. ಗಂಡಸರು ವಾಪಸು ಬಂದರು.

ಅಷ್ಟರಲ್ಲಿ ಒಗೆದು ಕೊಟ್ಟ ಬಟ್ಟೆಗಳು ನಾರುತ್ತವೆಂದು ವಾಪಸು ಬರತೊಡಗಿದ್ದವು. ಒಬ್ಬಾಕೆ ತನ್ನ ಮಗುವಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಂದು ಬಾಗಿಲಲ್ಲಿ ಬಿಸಾಡಿ ಹೋದಳು. ಅವತ್ತು ಗಂಜಿಯ ಅತ್ತೆ ಓಣಿಯವರನ್ನೆಲ್ಲ ಬಾವಿಕಟ್ಟೆಗೆ ಕರೆದಳು. ಅತ್ತೆ ಓಣಿಗೇ ಹಿರಿಯಳು. ಅವಳು ಬಟ್ಟೆ ಒಗೆದರೆ ಕಲೆ ಹೆದರಿ ಓಡುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಕಲೆ ಇದ್ದ ಬಟ್ಟೆಯನ್ನು ಹಿಂದಕ್ಕೆ ಕೊಡುವುದಕ್ಕಿಂತ ಸಾಯುವುದು ಮೇಲು ಅನ್ನುವ ಹೆಂಗಸು. ಹೊದಿಕೆ ಬಿಟ್ಟು ಎಣ್ಣೆ ಎತ್ತುವ ಉಪಾಯ ಅವಳದೇ. ಕೊಡದ ಕುತ್ತಿಗೆಗೆ ಕಲ್ಲು ಕಟ್ಟಿ, ಆಳದ ನೀರನ್ನೇ ಸೇದುವುದೂ ಅವಳದೇ ಉಪಾಯ. ನೀರು ಕಾಯಿಸುವ ಒಲೆಗಳನ್ನು ಬಾವಿಯಿಂದ ದೂರ, ಓಣಿಯ ಇನ್ನೊಂದು ತುದಿಗೆ ಒಯ್ದರು. ಕುದಿಯುವ ನೀರನ್ನು ಅಲ್ಲಿಂದ ಹೊತ್ತು ತರುವುದು ಹೊಸ ಕೆಲಸವಾಯಿತು. ಕುಡಿಯುವ ನೀರನ್ನು ದೂರದಿಂದ ತರತೊಡಗಿದರು.

ಇನ್ನೊಂದು ಮಾತನ್ನೂ ಅತ್ತೆ ಅವತ್ತೇ ಹೇಳಿದಳು. ಬಾವಿ ಕೆಟ್ಟಿದೆ ಅನ್ನುವುದು ಓಣಿ ದಾಟಬಾರದು. ಯಾರು ಕೇಳಿದರೂ ನಮ್ಮ ಬಾವಿ ಹಾಲಿನಂಥದ್ದು ಎನ್ನಬೇಕು. ಎಲ್ಲರೂ ಒಪ್ಪಿದರು. ಗಂಜಿಯೂ ಒಪ್ಪಿದಳು. ಮುಂದೆ ಒಂದು ದಿನ ಅವಳ ಗಂಡ ಇಸ್ತ್ರಿ ಮಾಡುತ್ತಿದ್ದಾಗ ಕೆಂಡದ ಪೆಟ್ಟಿಗೆಯಿಂದ ಕಿಡಿ ಹಾರಿ, ಸರಿಯಾಗಿ ಒಣಗದ ಹೊದಿಕೆಯೊಂದು ಭಗ್ಗೆಂದು ಹತ್ತಿಕೊಂಡಿತು. ಅವನ ಕೈ ಮೊಣಕೈವರೆಗೆ ಬೆಂದುಹೋಯಿತು. ಆಸ್ಪತ್ರೆಯಲ್ಲಿ ಬಿಸಿನೀರು ಬಿತ್ತು ಎಂದರು. ಡಾಕ್ಟರು ಗಾಯವನ್ನೂ ಇವರ ಮುಖವನ್ನೂ ನೋಡಿ ಸುಮ್ಮನೆ ಮುಲಾಮು ಬರೆದುಕೊಟ್ಟರು.

ಹೀಗೆ ಅವರು ದಿನಾ ಬೆಳಗಿನ ಜಾವ ತಮ್ಮ ಬಾವಿಯಿಂದ ಬಂಕಿನವನ ಪೆಟ್ರೋಲ್ ಎತ್ತಿದರು. ಹಗಲೆಲ್ಲ ಬಾವಿ ಹಾಲಿನಂಥದ್ದು ಎಂದು ಹೇಳಿದರು. ಊರಿನ ಲಾಡ್ಜೊಂದರ ಹಾಸಿಗೆ ಬಟ್ಟೆಗಳು ಬಂದವು, ಹೋದವು. ಓಣಿಯ ಅನ್ನಕ್ಕೆ ಆ ಲಾಡ್ಜೇ ಆಧಾರ. ಬೆಳಿಗ್ಗೆ ಎಣ್ಣೆ ಎತ್ತಿ ತಿಳಿಯಾಗಿಸಿದ್ದ ಬಾವಿಯ ಮೇಲೆ ಮರುದಿನ ಬೆಳಿಗ್ಗೆ ಮತ್ತೆ ಎಣ್ಣೆ ಕಟ್ಟಿರುತ್ತಿತ್ತು.

ಸರ್ಕಾರ ಬಂದದ್ದು ಓಣಿ ನಾರಿದ್ದಕ್ಕಲ್ಲ. ದೊಡ್ಡ ರಸ್ತೆಯ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ವಾಸನೆ ಬಂತು. ಕಾರು ನಿಲ್ಲಿಸಲು ಇಳಿದ ಗಿರಾಕಿಯೊಬ್ಬಳಿಗೆ ತಲೆ ಸುತ್ತಿತು. ಎರಡೇ ದಿನದಲ್ಲಿ ಬಂಕಿನ ಸುತ್ತ ತಗಡಿನ ಬೇಲಿ ಎದ್ದಿತು. ಕೈಗೆ ಗವಸು, ಮುಖಕ್ಕೆ ಮುಸುಕು ಹಾಕಿಕೊಂಡವರು ನೆಲ ಅಗೆದು ಟ್ಯಾಂಕುಗಳನ್ನು ಎತ್ತಿದರು. ಒಂದು ಮಷಿನ್ ಬಂತು. ನೆಲದೊಳಗೆ ಕೊಳವೆಗಳನ್ನು ಇಳಿಸಿ, ಎಣ್ಣೆಯನ್ನೂ ನೀರನ್ನೂ ಎಳೆದು, ಬೇರೆ ಮಾಡಿ, ನೀರನ್ನು ತೊಳೆದು ಬಿಡುತ್ತದಂತೆ. ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ರಸ್ತೆಯ ಮೇಲುಭಾಗದ ಮನೆಗಳಿಗೆಲ್ಲ ಹೊಸ ನಲ್ಲಿ ಹಾಕಿಕೊಟ್ಟರು. ನಲ್ಲಿಯ ಪೈಪು ಓಣಿಯ ಬಾಯಿಯವರೆಗೆ ಬಂದು ನಿಂತಿತು.

ಗಂಜಿ ಆ ಮಷಿನನ್ನು ದಿನಾ ನೋಡುತ್ತಿದ್ದಳು. ಲಾಡ್ಜಿಗೆ ಬಟ್ಟೆ ಗಂಟು ಹೊತ್ತು ಹೋಗುವಾಗ ತಗಡಿನ ಸಂದಿಯಲ್ಲಿ ಇಣುಕುತ್ತಿದ್ದಳು. ತಾನೂ ನೀಲಿಯೂ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಅದಕ್ಕೆ ಕೈ ಇರಲಿಲ್ಲ, ಚರ್ಮ ಇರಲಿಲ್ಲ. ಅದೊಂದು ತಮ್ಮ ಬಾವಿಗೆ ಬಂದರೆ ಸಾಕು ಅನ್ನುವ ಆಸೆ ಅವಳಿಗೆ ಹೊಟ್ಟೆಯೊಳಗಿನ ಹಸಿವಿನ ಹಾಗೆ ಅಂಟಿಕೊಂಡಿತು. ಕೊನೆಗೊಂದು ದಿನ ಗಂಟನ್ನು ಬೇಲಿಯ ಹೊರಗಿಟ್ಟು ಒಳಗೆ ನುಗ್ಗಿದಳು.

ಇಂಜಿನಿಯರ್ ಕೆಟ್ಟವನೇನಲ್ಲ. ಕೂಗಾಡಲಿಲ್ಲ. ನಾಲ್ಕು ಮಾರು ದೂರ ನಿಂತೇ ಕೇಳಿಸಿಕೊಂಡ. ಆಮೇಲೆ ನಿಯಮ ವಿವರಿಸಿದ. ಬಾವಿಯ ಮೇಲೆ ಎಣ್ಣೆ ತೇಲುತ್ತಿದ್ದರೆ ಮಷಿನ್ ತರಬೇಕು, ಅದಕ್ಕೆ ಮೇಲಿನಿಂದ ಒಪ್ಪಿಗೆಯಿದೆ. ತೇಲದೆ ನೀರಿನಲ್ಲಿ ಒಂದಿಷ್ಟು ಕರಗಿದ್ದರೆ ಮಷಿನ್ ಬೇಡ, ಮಣ್ಣೇ ನಿಧಾನಕ್ಕೆ ಅದನ್ನು ತಿಂದುಹಾಕುತ್ತದೆ. ನಾಡಿದ್ದು ಬಂದು ನೋಡುತ್ತೇನೆ ಎಂದ.

ಗಂಜಿ ಓಡೋಡಿ ಮನೆಗೆ ಬಂದಳು. ನಾಡಿದ್ದಿನವರೆಗೆ ಯಾರೂ ಎಣ್ಣೆ ಎತ್ತಬಾರದು, ಇದ್ದದ್ದು ಇದ್ದ ಹಾಗೆ ಕಾಣಬೇಕು ಎಂದಳು. ಓಣಿ ಎರಡಾಯಿತು. ಲಾಡ್ಜಿನ ಬಟ್ಟೆ ರಾಶಿ ಬಿದ್ದಿದೆ, ಯಾವ ನೀರಲ್ಲಿ ಒಗೆಯೋಣ ಎಂದು ಕೆಲವರು. ಎರಡು ದಿನ ಹೊಟ್ಟೆ ಕಟ್ಟಿಕೊಂಡರೆ ಜೀವಮಾನದ ಕಾಟ ತಪ್ಪುತ್ತದಲ್ಲ ಎಂದು ನೀಲಿ. ಅತ್ತೆ ತನ್ನ ಬೆರಳುಗಳನ್ನು ನೋಡಿಕೊಂಡು, ಆಯ್ತು ಎಂದಳು. ಇವಳು ಒಪ್ಪಿದಳಲ್ಲ ಎಂದು ಗಂಜಿಗೆ ಅಳುವೇ ಬಂತು.

ಇಂಜಿನಿಯರ್ ಬರುವ ದಿನ ಬೆಳಿಗ್ಗೆ ಗಂಜಿ ಬಾವಿಗೆ ಬಗ್ಗಿ ನೋಡಿದಳು. ಎಣ್ಣೆ ಚೆನ್ನಾಗಿ ಕಟ್ಟಿತ್ತು. ವಾಸನೆ ಮೂಗಿಗೆ ಹೊಡೆಯಿತು. ಅವಳಿಗೆ ಇಷ್ಟು ದಿನದಲ್ಲಿ ಮೊದಲ ಸಲ ಆ ವಾಸನೆ ಹಿತವಾಯಿತು. ಮೇಲಿನ ಮನೆಗಳ ಇಸ್ತ್ರಿ ಬಟ್ಟೆಗಳನ್ನು ಕೊಟ್ಟುಬರಲು ಹೊರಟಳು. ಯಾರೂ ಕೈ ಹಾಕಬೇಡಿ ಎಂದು ಮತ್ತೊಮ್ಮೆ ಹೇಳಿ ಹೋದಳು.

ಅವಳು ಹೋದ ಮೇಲೆ ಓಣಿಗೆ ಸುದ್ದಿ ಬಂತು. ಇಂಜಿನಿಯರ್ ಒಬ್ಬನೇ ಬರುತ್ತಿಲ್ಲ. ಅವನು ಇಳಿದುಕೊಂಡಿರುವುದು ಅದೇ ಲಾಡ್ಜಿನಲ್ಲಿ. ದಾರಿ ತೋರಿಸಲು ಲಾಡ್ಜಿನ ಮ್ಯಾನೇಜರನೂ ಜೊತೆಗೆ ಬರುತ್ತಿದ್ದಾನೆ.

ಅತ್ತೆ ಕೂತಲ್ಲಿಂದಲೇ ಬಾವಿಯ ಕಡೆ ನೋಡಿದಳು. ಮ್ಯಾನೇಜರ್ ಆ ಬಾವಿಗೆ ಬಗ್ಗಿ ನೋಡಿದರೆ ಓಣಿಯ ಒಲೆ ಆರಿದ ಹಾಗೆ. ಅದೊಂದೇ ಅಲ್ಲ. ಹುಟ್ಟಿದಾಗಿನಿಂದ ಊರು ಇವರನ್ನು ಕೊಳಕರು ಎಂದಿದೆ. ಊರಿನ ಕೊಳೆ ತೊಳೆಯುವವರೇ ಊರಿನ ಬಾಯಲ್ಲಿ ಕೊಳಕರು. ಯಾವ ದೊಡ್ಡ ಮನುಷ್ಯನೂ ಓಣಿಗೆ ಕಾಲಿಟ್ಟದ್ದಿಲ್ಲ. ಮೊದಲ ಸಲ ಇಬ್ಬರು ಬರುತ್ತಿದ್ದಾರೆ, ಅವರಿಗೆ ತೋರಿಸುವುದಕ್ಕೆ ನಾರುವ ಬಾವಿಯೇ ಸಿಕ್ಕಿತೇ. ಅತ್ತೆ ಎದ್ದಳು. ನೀಲಿಯನ್ನು ಕರೆದಳು. ಬೇಡ ದೊಡ್ಡಮ್ಮ ಎಂದಳು ನೀಲಿ. ಅತ್ತೆ ಹಗ್ಗವನ್ನು ಅವಳ ಕೈಗೆ ತುರುಕಿದಳು. ಇಬ್ಬರೂ ಹೊದಿಕೆ ಬಿಟ್ಟರು, ಎತ್ತಿದರು, ಹಿಂಡಿದರು. ಒಂದು ಹೊದಿಕೆ ಸಾಲಲಿಲ್ಲ, ಇನ್ನೊಂದನ್ನು ಬಿಟ್ಟರು, ಮತ್ತೊಂದನ್ನು ಬಿಟ್ಟರು. ಎಣ್ಣೆ ಹಿಡಿದ ಬಟ್ಟೆಗಳನ್ನೂ ಡಬ್ಬವನ್ನೂ ಮನೆಯ ಹಿಂದೆ ಬಚ್ಚಿಟ್ಟು ಅಂಗಳ ಗುಡಿಸಿದರು. ಕಟ್ಟೆಗೆ ಸೋಪಿನ ಪುಡಿ ಹಾಕಿ ತಿಕ್ಕಿದರು. ಅತ್ತೆ ಬೇರೆ ಸೀರೆಯನ್ನೂ ಉಟ್ಟುಕೊಂಡಳು.

ಗಂಜಿ ಬರುವ ಹೊತ್ತಿಗೆ ಇಂಜಿನಿಯರ್ ಬಾವಿಗೆ ಗಾಜಿನಂತೆ ತಿಳಿಯಾದ ಕೊಳವೆಯೊಂದನ್ನು ಇಳಿಸುತ್ತಿದ್ದ. ಮೇಲೆ ತೆಗೆದು ಬೆಳಕಿಗೆ ಹಿಡಿದ. ಕೊಳವೆಯ ತುಂಬ ನೀರು. ಮೇಲ್ಗಡೆ ಎಣ್ಣೆಯ ಗೆರೆಯಿಲ್ಲ. ಮತ್ತೊಮ್ಮೆ ಇಳಿಸಿದ. ಮತ್ತೆ ನೀರೇ.

"ಬಾವಿಯನ್ನ ತುಂಬಾ ಚೊಕ್ಕಟವಾಗಿ ಇಟ್ಕೊಂಡಿದ್ದೀರಮ್ಮ," ಎಂದ.

ಅತ್ತೆಯ ಮುಖ ನೋಡಬೇಕಿತ್ತು. ಅವಳ ಇಡೀ ಆಯುಷ್ಯದಲ್ಲಿ ಬೂಟು ಹಾಕಿದವನೊಬ್ಬ ಅವಳಿಗೆ ಚೊಕ್ಕಟ ಎಂದದ್ದು ಅದೇ ಮೊದಲು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮದುಮಗಳಂತೆ ನಕ್ಕಳು. ಆ ನಗು ನೋಡಿ ಗಂಜಿಗೆ ಸಿಟ್ಟು ಬರಬೇಕಿತ್ತು. ಬಂತು. ಆದರೆ ಸಿಟ್ಟಿಗಿಂತ ಮೊದಲು ಕರುಳು ಹಿಂಡಿದ ಹಾಗಾಯಿತು.

"ಸಾರ್, ಬೆಳಿಗ್ಗೆ ಎಣ್ಣೆ ಇತ್ತು," ಎಂದಳು. "ಇವರು ಎತ್ತಿಬಿಟ್ಟಿದ್ದಾರೆ. ನಾವು ದಿನಾ ಎತ್ತುತೀವಿ, ಬಟ್ಟೆಯಲ್ಲಿ. ನನ್ನ ಕೈ ನೋಡಿ."

ಇಂಜಿನಿಯರ್ ಅವಳ ಕೈ ನೋಡಿದ. ಸೋಡಾಕ್ಕೂ ಹೀಗಾಗುತ್ತದೆ ಎಂದ. ಅತ್ತೆಯ ಕಡೆ ತಿರುಗಿದ.

ಅತ್ತೆ ಒಂದು ಕ್ಷಣ ಸೊಸೆಯನ್ನು ನೋಡಿದಳು. ಆಮೇಲೆ ಮ್ಯಾನೇಜರನನ್ನು ನೋಡಿದಳು.

"ಇಲ್ಲ ಸಾರ್. ಅವಳ ಮಾತು ಹಿಡ್ಕೋಬೇಡಿ. ನಮ್ಮ ಬಾವಿ ಯಾವಾಗ್ಲೂ ಹಾಲಿನಂಥದ್ದೇ."

ಗಂಜಿ ನೀಲಿಯ ಕಡೆ ನೋಡಿದಳು. ನೀಲಿ ನೆಲ ನೋಡುತ್ತಿದ್ದಳು. ಗಂಡ ಇಸ್ತ್ರಿ ಮೇಜಿನ ಹಿಂದೆ ಸುಟ್ಟ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ. ಅಷ್ಟರಲ್ಲಿ ಮ್ಯಾನೇಜರ್ ಮುಂದೆ ಬಂದ. ನನ್ನ ಲಾಡ್ಜಿನ ಬಟ್ಟೆಗಳನ್ನು ಪೆಟ್ರೋಲ್ ನೀರಲ್ಲಿ ಒಗೆಯುತ್ತೀರಾ, ಸರಿಯಾಗಿ ಹೇಳು ಎಂದು ಗಂಜಿಯನ್ನೇ ಕೇಳಿದ.

ಅಂಗಳದ ತುಂಬ ಲಾಡ್ಜಿನ ಬಟ್ಟೆ ರಾಶಿ ಬಿದ್ದಿತ್ತು. ಓಣಿಯ ಬಾಗಿಲು ಬಾಗಿಲಲ್ಲೂ ಹೆಂಗಸರು ನಿಂತಿದ್ದರು. ಒಬ್ಬರೂ ಉಸಿರು ಬಿಡುತ್ತಿರಲಿಲ್ಲ. ಎಲ್ಲರ ಮನೆಯ ಅನ್ನ ಅವಳೊಬ್ಬಳ ನಾಲಿಗೆಯ ಮೇಲಿತ್ತು. ಸೆಟೆದು ನಿಲ್ಲುವವಳು ಎಂದು ಹೆಸರಾದ ಗಂಜಿ ಅವತ್ತು ತಲೆ ತಗ್ಗಿಸಿದಳು.

"ಇಲ್ಲ," ಎಂದಳು.

ಇಂಜಿನಿಯರ್ ಒಂದು ಬಾಟಲಿ ನೀರು ತುಂಬಿಸಿಕೊಂಡು ಹೋದ.

ಮುಂದಿನ ದಿನಗಳಲ್ಲಿ ಅತ್ತೆ ಸೊಸೆಯರ ನಡುವೆ ಮಾತಿರಲಿಲ್ಲ. ಬೆಳಗಿನ ಜಾವ ಹೊದಿಕೆ ಇಳಿಯುತ್ತಿತ್ತು, ಏರುತ್ತಿತ್ತು. ಗಂಜಿ ಹಗ್ಗ ಹಿಡಿಯುತ್ತಿದ್ದಳು, ಹಿಂಡುತ್ತಿದ್ದಳು. ತನ್ನ ಇಲ್ಲ ಅನ್ನುವ ಮಾತನ್ನೇ ಹಿಂಡಿದ ಹಾಗೆ ಹಿಂಡುತ್ತಿದ್ದಳು. ಇನ್ನೂ ಒಂದು ಆಸೆ ಉಳಿದಿತ್ತು. ಬಾಟಲಿಯ ನೀರು ಸುಳ್ಳು ಹೇಳುವುದಿಲ್ಲವಲ್ಲ. ದಾರಿ ಕಾದೂ ಕಾದೂ ಸಾಕಾಗಿ ಅವಳೇ ಮತ್ತೆ ತಗಡಿನ ಬೇಲಿಯೊಳಗೆ ಹೋದಳು.

ಅಲ್ಲಿ ಮಷಿನನ್ನು ಬಿಚ್ಚುತ್ತಿದ್ದರು. ಕೊಳವೆಗಳನ್ನು ಸುತ್ತಿ ಲಾರಿಗೆ ಹಾಕುತ್ತಿದ್ದರು. ಬಂಕಿನಲ್ಲಿ ಹೊಸ ಟ್ಯಾಂಕುಗಳನ್ನು ಹೂಳಿ ಸಿಮೆಂಟು ಹಾಕಿಯಾಗಿತ್ತು. ಇಂಜಿನಿಯರ್ ಅವಳನ್ನು ಗುರುತಿಸಿದ. ನಿಮ್ಮ ನೀರಲ್ಲಿ ಕರಗಿರುವುದು ಇದೆ, ತೇಲುವುದು ಇಲ್ಲ, ಹಾಗಾಗಿ ಮಣ್ಣಿಗೇ ಬಿಟ್ಟಿದ್ದೇವೆ, ವರ್ಷಕ್ಕೊಮ್ಮೆ ಬಂದು ನೋಡುತ್ತೇವೆ ಎಂದ. ಆ ನೀರು ಕುಡಿಯಬೇಡಿ ಎಂದೂ ಹೇಳಿದ. ಒಗೆಯಬಹುದಾ ಎಂದು ಅವಳು ಕೇಳಿದಳು. ಒಗೆಯುವುದರ ಬಗ್ಗೆ ನಮಗೇನೂ ಹೇಳಿಲ್ಲ ಎಂದ.

ಗಂಜಿ ಎಲ್ಲವನ್ನೂ ಹೇಳಿದಳು. ಬೆಳಗಿನ ಜಾವ, ಹೊದಿಕೆ, ಹಗ್ಗ, ಡಬ್ಬ, ಬಚ್ಚಿಟ್ಟ ಬಟ್ಟೆ. ಅತ್ತೆ ಯಾಕೆ ಸುಳ್ಳು ಹೇಳಿದಳು, ತಾನು ಯಾಕೆ ಇಲ್ಲ ಎಂದೆ, ಅದನ್ನೂ ಹೇಳಿದಳು. ಯಾವತ್ತೂ ಯಾರ ಮುಂದೆಯೂ ಕೈ ಮುಗಿಯದವಳು ಕೈ ಮುಗಿದಳು. ಅವನು ಪೂರ್ತಿ ಕೇಳಿದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ಬಟ್ಟೆಯಲ್ಲೇ ಅಷ್ಟೂ ತೆಗೀತೀರಾ? ಒಳ್ಳೇ ಕೆಲಸ ಕಣಮ್ಮ. ಹಾಗೇ ಮುಂದುವರಿಸಿ. ನೀವು ಎಷ್ಟು ತೆಗೆದ್ರೆ ಅಷ್ಟು ಬೇಗ ಬಾವಿ ಸರಿಹೋಗುತ್ತೆ."

ಬೆನ್ನು ತಟ್ಟುವ ದನಿಯಲ್ಲೇ ಹೇಳಿದ. ಲಾರಿಯವನು ಕರೆದ, ಅವನು ಹೋದ. ಗಂಜಿ ಮುಗಿದ ಕೈಯನ್ನು ಇಳಿಸುವುದನ್ನೇ ಮರೆತು ನಿಂತಿದ್ದಳು. ಯಾರಾದರೂ ಬೈದಿದ್ದರೆ ತಿರುಗಿ ಬೈಯುತ್ತಿದ್ದಳು. ಹೊಡೆದಿದ್ದರೆ ಹೊಡೆಯುತ್ತಿದ್ದಳು. ಭೇಷ್ ಎಂದವನಿಗೆ ಏನು ಮಾಡುವುದು? ಅವರ ಟ್ಯಾಂಕು, ಅವರ ತೂತು, ಅವರ ಪೆಟ್ರೋಲು. ಎತ್ತುವ ಕೈ ಮಾತ್ರ ಇವಳದು. ಅದೂ ಪುಕ್ಕಟೆ.

ಮರುದಿನ ಬೆಳಗಿನ ಜಾವ ನೀಲಿ ಬಂದು ಹೊದಿಕೆ ಹಾಸಿದಳು. ಹಗ್ಗದ ತುದಿಯನ್ನು ಗಂಜಿಯ ಕಡೆ ಎಸೆದಳು. ಹಗ್ಗ ಗಂಜಿಯ ಕಾಲ ಬಳಿ ಬಿತ್ತು. ಅವಳು ಬಗ್ಗಲಿಲ್ಲ.

"ನಾನು ಹಿಡಿಯಲ್ಲ."

"ಹುಷಾರಿಲ್ವಾ?"

"ಹುಷಾರಾಗಿದೀನಿ. ಹಿಡಿಯಲ್ಲ."

ಅತ್ತೆ ಹೊರಗೆ ಬಂದಳು. ಮೂರು ಜನ ನಿಂತಿದ್ದರು, ನಡುವೆ ಬಾವಿ ಇತ್ತು. ಅತ್ತೆ ಬಗ್ಗಿ ಹಗ್ಗವನ್ನು ತಾನೇ ಎತ್ತಿಕೊಂಡಳು. ಅವತ್ತು ಅಷ್ಟು ಹೊದಿಕೆ ಎತ್ತಿ ಹಿಂಡಿದ ಮೇಲೆ ಅವಳ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. ಹೊದಿಕೆ ನೀರಿಗೆ ತಾಗಿತು. ಅವಳಿಗೆ ಕೈ ನಿಲ್ಲಿಸಲು ಆಗಲಿಲ್ಲ. ಹಗ್ಗ ಜಾರಿತು. ಹೊದಿಕೆ ಒಂದು ಕಡೆ ಮುಳುಗಿ ನೀರು ಕುಡಿದು ತೂಗಿತು, ಮುದುಕಿಯನ್ನು ಕಟ್ಟೆಯವರೆಗೂ ಜಗ್ಗಿತು. ನೀಲಿ ಚೀರಿದಳು. ಗಂಜಿ ಅತ್ತೆಯ ಸೊಂಟವನ್ನು ಹಿಡಿದಳು. ಅತ್ತೆಯನ್ನು ಹಿಡಿದಳೇ ಹೊರತು ಹಗ್ಗವನ್ನು ಹಿಡಿಯಲಿಲ್ಲ. ಹಗ್ಗ, ಹೊದಿಕೆ ಎರಡೂ ಬಾವಿಗೆ ಹೋದವು.

"ನಿನಗೇನು ಬಂದಿದೆಯೇ?" ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು.

ಗಂಜಿ ಒಗೆದು ಮಡಿಚಿಟ್ಟಿದ್ದ ಲಾಡ್ಜಿನ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು.

ಲಾಡ್ಜಿನಲ್ಲಿ ಹಿಂಬಾಗಿಲಿನಿಂದ ಒಳಗೆ ಹೋಗುವುದು ಪದ್ಧತಿ. ಅವತ್ತು ಮುಂಬಾಗಿಲಿನಿಂದ ಹೋದಳು. ಕೌಂಟರಿನ ಮುಂದೆ ಪೆಟ್ಟಿಗೆ ಹಿಡಿದ ಇಬ್ಬರು ಗಿರಾಕಿಗಳು ನಿಂತಿದ್ದರು. ಗಂಟನ್ನು ಅವರ ಪಕ್ಕದಲ್ಲೇ ಇಳಿಸಿದಳು. ಮ್ಯಾನೇಜರ್ ಕಣ್ಣಲ್ಲೇ ಗದರಿದ. ಅವಳು ಕದಲಲಿಲ್ಲ.

"ಅವತ್ತು ನಾನು ಸುಳ್ಳು ಹೇಳ್ದೆ ಸಾರ್. ಈ ಬಟ್ಟೆಗಳೆಲ್ಲ ಪೆಟ್ರೋಲ್ ನೀರಲ್ಲಿ ಒಗೆದದ್ದು. ನಮ್ಮ ಬಾವಿ ಕೆಟ್ಟಿದೆ. ಇಂಜಿನಿಯರಿಗೆ ನೀವೂ ಒಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರ್ ಹೊರಗೆ ಬಂದು ಅವಳ ತೋಳು ಹಿಡಿಯದೆ, ಅವಳನ್ನು ಮುಟ್ಟದೆ, ಗಾಳಿಯಲ್ಲೇ ತಳ್ಳುತ್ತ ಲಾಡ್ಜಿನ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ದನಿ ತಗ್ಗಿಸಿ ಹೇಳಿದ.

"ನನಗೆ ಗೊತ್ತಿಲ್ವಾ? ನನಗೆ ಮೂಗಿಲ್ವಾ? ಮೊದಲ ದಿನದಿಂದ ಗೊತ್ತು. ಬಟ್ಟೆ ಬಂದ ಮೇಲೆ ಮಹಡಿ ಮೇಲೆ ಹಾಕಿ ಗಾಳಿಗೆ ಬಿಡ್ತಿದ್ದೆ. ನೀವು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ, ನಡೀತಾ ಇತ್ತು. ಈಗ ಗಿರಾಕಿಗಳ ಮುಂದೆ ಹೇಳಿಬಿಟ್ಟೆಯಲ್ಲಮ್ಮ. ಹೇಳಿದ ಮೇಲೆ ನಾನು ನಿಮಗೆ ಬಟ್ಟೆ ಹೇಗೆ ಕೊಡ್ಲಿ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಲಾಡ್ಜಿನ ಹಿಂದಿನ ಗೋಡೆಗೆ ಒರಗಿ ಕೂತಳು. ಅತ್ತೆ ಮಾನ ಮುಚ್ಚಿಕೊಳ್ಳಲು ತಿಕ್ಕಿದ ಕಟ್ಟೆ, ಗಂಡ ಆಸ್ಪತ್ರೆಯಲ್ಲಿ ಹೇಳಿದ ಬಿಸಿನೀರಿನ ಸುಳ್ಳು, ಬಾಗಿಲು ಬಾಗಿಲಲ್ಲಿ ಉಸಿರು ಹಿಡಿದು ನಿಂತ ಹೆಂಗಸರು. ಎಲ್ಲ ಗೊತ್ತಿದ್ದವನ ಮುಂದೆ ಇಡೀ ಓಣಿ ನಾಟಕ ಆಡಿತ್ತು. ಅವನೂ ಕೂತು ನೋಡಿದ್ದ. ಹೋಗುವಾಗ ಅವನು ಇಂಜಿನಿಯರ್ ನಿನ್ನೆಯೇ ಕೋಣೆ ಖಾಲಿ ಮಾಡಿದ ಎಂದ.

ಗಂಜಿ ಮನೆಗೆ ಬಂದು ನಡೆದದ್ದನ್ನು ಹೇಳಿದಳು. ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ಓಣಿಯ ಹೆಂಗಸರು ಬಂದು ಬಾಯಿಗೆ ಬಂದಂತೆ ಬೈದರು. ನಿನಗೆ ಸತ್ಯ ಹೇಳುವ ಚಟವಿದ್ದರೆ ನಿನ್ನ ಅನ್ನಕ್ಕೆ ಮಣ್ಣು ಹಾಕಿಕೋ, ನಮ್ಮದಕ್ಕೆ ಯಾಕೆ ಹಾಕಿದೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನೀಲಿ ಮಾತ್ರ ಬಂದು ಪಕ್ಕದಲ್ಲಿ ಕೂತಳು. ಅತ್ತೆ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದಳು.

ಲಾಡ್ಜಿನ ಬಟ್ಟೆ ನಿಂತಿತು. ಲಾಡ್ಜಿನ ಸುದ್ದಿ ಕೇಳಿ ಮೇಲಿನ ಮನೆಗಳ ಬಟ್ಟೆಯೂ ನಿಂತಿತು. ಒಲೆಗಳು ತಣ್ಣಗಾದವು. ಒಗೆಯುವ ಕಲ್ಲುಗಳು ಒಣಗಿದವು. ಕೆಲವು ಗಂಡಸರು ಮೂಟೆ ಹೊರಲು ಹೋದರು, ಇಬ್ಬರು ಹೆಂಗಸರು ಮನೆಗೆಲಸ ಹುಡುಕಿಕೊಂಡು ಹೋಗಿ ವಾಪಸು ಬಂದರು. ಯಾರಿಗೂ ಒಗೆಯುವ ನೀರು ಬೇಕಿರಲಿಲ್ಲ, ಯಾರೂ ಬಾವಿಗೆ ಹೊದಿಕೆ ಬಿಡಲಿಲ್ಲ.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನೀಲಿ ಬಾವಿಕಟ್ಟೆಯಿಂದ ಕೂಗಿದಳು. ಓಣಿಯವರೆಲ್ಲ ಬಂದು ಬಗ್ಗಿ ನೋಡಿದರು. ನೀರು ಕಾಣುತ್ತಿರಲಿಲ್ಲ. ಈ ಗೋಡೆಯಿಂದ ಆ ಗೋಡೆಗೆ ಎಣ್ಣೆಯೇ ಕಟ್ಟಿಕೊಂಡಿತ್ತು. ಗಂಡಸೊಬ್ಬ ಉದ್ದನೆಯ ಗಳ ಇಳಿಸಿ ಮೇಲೆ ತೆಗೆದ. ಒಂದು ಮೊಳದಷ್ಟು ಮಣ್ಣುಬಣ್ಣದ ಎಣ್ಣೆ ಗಳಕ್ಕೆ ಮೆತ್ತಿಕೊಂಡು ಹೊಳೆಯುತ್ತಿತ್ತು. ವಾಸನೆಗೆ ಮಕ್ಕಳು ಕೆಮ್ಮಿದರು. ಅವರು ಅಷ್ಟು ಎಣ್ಣೆಯನ್ನು ಒಟ್ಟಿಗೆ ಯಾವತ್ತೂ ನೋಡಿರಲಿಲ್ಲ. ನೋಡಲು ಬಿಟ್ಟಿರಲೇ ಇಲ್ಲ.

ಗಂಜಿ ಚಪ್ಪಲಿಯನ್ನೂ ಮೆಟ್ಟದೆ ಮೇಲಿನ ರಸ್ತೆಗೆ ಓಡಿದಳು. ತಗಡಿನ ಬೇಲಿ ಇರಲಿಲ್ಲ. ಬಂಕು ಹೊಸ ಬಣ್ಣ ಬಳಿದುಕೊಂಡು ವ್ಯಾಪಾರ ನಡೆಸುತ್ತಿತ್ತು. ಮಷಿನಿನವರು ಎಲ್ಲಿ ಎಂದು ಪೆಟ್ರೋಲ್ ಹಾಕುತ್ತಿದ್ದವನನ್ನು ಕೇಳಿದಳು. ಅವರು ಬೇರೆ ಊರಿನ ಕೆಲಸಕ್ಕೆ ಹೋದರು ಎಂದ. ಎಲ್ಲಿಗೆ ಎಂದು ಅವನಿಗೂ ಗೊತ್ತಿರಲಿಲ್ಲ. ವಾಹನಗಳು ಹಾರನ್ ಹೊಡೆದವು, ಅವಳು ದಾರಿ ಬಿಟ್ಟಳು.

ವಾಪಸು ಬಂದಾಗ ಅತ್ತೆ ಎದ್ದು ಬಂದಿದ್ದಳು. ಎರಡು ಕೈಯನ್ನೂ ಕಟ್ಟೆಯ ಮೇಲೆ ಊರಿ ಬಾವಿಯೊಳಗೆ ನೋಡುತ್ತಿದ್ದಳು. ಬಹಳ ಹೊತ್ತಿನಿಂದ ಹಾಗೇ ನಿಂತಿದ್ದಾಳೆ ಎಂದು ನೀಲಿ ಪಿಸುಗುಟ್ಟಿದಳು. ಸೊಸೆ ಬಂದದ್ದು ತಿಳಿದು ಅತ್ತೆ ತಲೆ ಎತ್ತದೆಯೇ ಕೇಳಿದಳು.

"ಇಷ್ಟನ್ನೂ ನಾವೇ ಎತ್ತುತಿದ್ವೇನೇ?"

"ಹೂಂ ಅತ್ತೆ."

"ಅವರು ಯಾವಾಗ ಬರ್ತಾರಂತೆ?"

"ಬರೋ ವರ್ಷ."

ಗುಂಪಿನಲ್ಲಿ ಯಾರೋ ಒಬ್ಬಳು ಹೊದಿಕೆ ತಂದಿದ್ದಳು. ಹಗ್ಗ ಕಟ್ಟತೊಡಗಿದ್ದಳು. ಅಭ್ಯಾಸಬಲ, ಅಷ್ಟೇ. ಅತ್ತೆ ಹೋಗಿ ಅವಳ ಕೈಯಿಂದ ಹೊದಿಕೆ ಕಿತ್ತುಕೊಂಡಳು. ಮಡಿಚಿ ಕಟ್ಟೆಯ ಮೇಲಿಟ್ಟು ಅದರ ಮೇಲೆ ತಾನೇ ಕೂತಳು.

"ಯಾರೂ ಮುಟ್ಟಬೇಡಿ," ಎಂದಳು. "ಅವರು ಬಂದು ನೋಡೋ ತನಕ ಹೀಗೇ ಇರ್ಲಿ."

ಅಲ್ಲಿಯವರೆಗೆ ಹೊಟ್ಟೆಗೆ ಏನು ಎಂದು ಯಾರೂ ಕೇಳಲಿಲ್ಲ. ಯಾರೂ ಬಾವಿಯನ್ನು ಮುಟ್ಟಲಿಲ್ಲ. ಮುಟ್ಟುವಂಥ ಕೆಲಸವೂ ಓಣಿಯಲ್ಲಿ ಯಾರಿಗೂ ಉಳಿದಿರಲಿಲ್ಲ.